ಹೇಗೆ ಸತ್ತ ಅಲ್ಲ, ಹೇಗೆ ಸಾಯಲಿಲ್ಲ

ಮೊದಲೇ ಹೇಳಿಬಿಡ್ತೀನಿ. ಬಿಬಿಸಿಯ ‘ಶರ್ಲಾಕ್’ ಧಾರಾವಾಹಿಯನ್ನ ಇನ್ನೂ ನೋಡಿಲ್ಲ, ಮುಂದೆ ಯಾವಾಗಾದರೂ ನೋಡ್ತೀನಿ ಅಂತ ಇಟ್ಟುಕೊಂಡಿರುವವರು ಇಲ್ಲಿಗೇ ನಿಲ್ಲಿಸಬಹುದು. ಇದರಲ್ಲಿ ಎಲ್ಲಾ ಗುಟ್ಟೂ ರಟ್ಟಾಗುತ್ತೆ. ನೋಡಿದವರು ಕೂತ್ಕೊಳ್ಳಿ, ನಿಮ್ಮ ಹತ್ತಿರ ಒಂದು ಹಳೇ ಜಗಳ ಬಾಕಿ ಇದೆ.

2012ರ ಜನವರಿ. ಬಿಟಿಎಂ ಲೇಔಟಿನಲ್ಲಿ ಮೂರನೇ ಮಹಡಿಯ ಒಂದು ರೂಮು, ನಾವು ನಾಲ್ಕು ಜನ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಂದು ಲ್ಯಾಪ್‌ಟಾಪು. ಎರಡನೇ ಸರಣಿಯ ಕೊನೆಯ ಕಂತು ‘ದ ರೈಶೆನ್‌ಬಾಖ್ ಫಾಲ್’ ಇಂಗ್ಲೆಂಡಿನಲ್ಲಿ 15ನೇ ತಾರೀಖು ಪ್ರಸಾರವಾಗಿತ್ತು. ನಮ್ಮ ಕೈಗೆ ಬಂದಿದ್ದು ಅದಾದ ಎರಡು ಮೂರು ದಿನಕ್ಕೆ, ಯಾರದೋ ಹಾರ್ಡ್‌ಡಿಸ್ಕಿನಲ್ಲಿ. ಹೇಗೆ ಬಂತು ಅಂತ ಕೇಳಬೇಡಿ, ಆಗ ಎಲ್ಲರಿಗೂ ಹಾಗೇ ಬರ್ತಿತ್ತು.

ಕತೆ ಗೊತ್ತಲ್ಲ. ಮೊರಿಯಾರ್ಟಿ ಎಂಬ ಖಳ, ಶರ್ಲಾಕ್ ಹೋಮ್ಸ್ ಒಬ್ಬ ನಕಲಿ, ಕೇಸುಗಳನ್ನೆಲ್ಲ ಅವನೇ ದುಡ್ಡು ಕೊಟ್ಟು ಸೃಷ್ಟಿ ಮಾಡಿದ್ದು ಅಂತ ಲಂಡನ್ನನ್ನೇ ನಂಬಿಸಿಬಿಡುತ್ತಾನೆ. ಕೊನೆಗೆ ಇಬ್ಬರೂ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆಯ ಮಾಳಿಗೆಯ ಮೇಲೆ ನಿಲ್ಲುತ್ತಾರೆ. ಲಂಡನ್ನಿನವರು ಅದನ್ನ ಬಾರ್ಟ್ಸ್ ಅಂತಾರೆ. ಹೋಮ್ಸ್ ಮತ್ತು ವಾಟ್ಸನ್ ಮೊದಲ ಸಲ ಭೇಟಿಯಾಗಿದ್ದೂ ಅದೇ ಆಸ್ಪತ್ರೆಯಲ್ಲಿ, ಕಾನನ್ ಡಾಯ್ಲ್‌ನ 1887ರ ಮೊದಲ ಕಾದಂಬರಿಯಲ್ಲೂ ಹಾಗೇ, ಧಾರಾವಾಹಿಯಲ್ಲೂ ಹಾಗೇ. ನೀನು ಕೆಳಕ್ಕೆ ಹಾರದಿದ್ದರೆ ಜಾನ್, ಮಿಸೆಸ್ ಹಡ್ಸನ್, ಲೆಸ್ಟ್ರೇಡ್ ಮೂವರಿಗೂ ಗುಂಡು ಬೀಳುತ್ತೆ ಅನ್ನುತ್ತಾನೆ ಮೊರಿಯಾರ್ಟಿ. ತಪ್ಪಿಸಿಕೊಳ್ಳೋ ದಾರಿ ಇರಬಾರದು ಅಂತ ತಾನೇ ಬಾಯಿಗೆ ಪಿಸ್ತೂಲ್ ಇಟ್ಟುಕೊಂಡು ಸಾಯುತ್ತಾನೆ. ಶರ್ಲಾಕ್ ಕೆಳಗೆ ರಸ್ತೆಯಲ್ಲಿರುವ ಜಾನ್‌ಗೆ ಫೋನ್ ಮಾಡಿ, ಅತ್ತು, ಹಾರುತ್ತಾನೆ. ಫುಟ್‌ಪಾತಿನ ಮೇಲೆ ಹೆಣ, ರಕ್ತ. ಜಾನ್ ಕೈ ಹಿಡಿದು ನಾಡಿ ನೋಡುತ್ತಾನೆ. ಆಮೇಲೆ ಸಮಾಧಿ. ಸಮಾಧಿಯ ಮುಂದೆ ಜಾನ್, ಸತ್ತಿರಬೇಡ ಕಣೋ ಅಂತ ಬೇಡಿಕೊಂಡು ತಿರುಗಿ ಹೋಗುತ್ತಾನೆ. ಕ್ಯಾಮೆರಾ ಪಕ್ಕಕ್ಕೆ ಸರಿದರೆ ಅಲ್ಲಿ ನಿಂತು ನೋಡ್ತಿದಾನೆ, ಶರ್ಲಾಕ್!

ನಮ್ಮ ರೂಮಿನಲ್ಲಿ ಆವತ್ತು ರಾತ್ರಿ ಯಾರೂ ಮಲಗಲಿಲ್ಲ. ಪ್ರಪಂಚದಲ್ಲೂ ಮಲಗಲಿಲ್ಲ ಅನ್ಸುತ್ತೆ. ‘ನಾನು ಶರ್ಲಾಕನನ್ನು ನಂಬುತ್ತೇನೆ’, ‘ಮೊರಿಯಾರ್ಟಿ ನಿಜವಾಗಿಯೂ ಇದ್ದ’ ಅಂತ ಜನ ಊರೂರಲ್ಲಿ ಚೀಟಿ ಅಂಟಿಸಿದರು. ಬಾರ್ಟ್ಸ್ ಹತ್ತಿರದ ಕೆಂಪು ಟೆಲಿಫೋನ್ ಬೂತಿನ ತುಂಬಾ ಅಭಿಮಾನಿಗಳ ಬರಹ. ಕತೆಯಲ್ಲಿ ಪತ್ರಿಕೆಗಳು ಮರ್ಯಾದೆ ತೆಗೆದ ಒಬ್ಬ ಮನುಷ್ಯನ ಪರವಾಗಿ, ಕತೆಯ ಹೊರಗಿನವರು ವಕಾಲತ್ತು ವಹಿಸಿದ್ದು ಇದು. ನನಗೆ ಅದು ಈಗಲೂ ಇಷ್ಟ. ಆದರೆ ಮುಖ್ಯ ಕೆಲಸ ಬೇರೆ ಇತ್ತು: ಅವನು ಬದುಕಿದ್ದು ಹೇಗೆ?

ನನ್ನದು ಲಾರಿ ಥಿಯರಿ. ಶರ್ಲಾಕ್ ಬಿದ್ದ ಜಾಗದ ಪಕ್ಕದಲ್ಲೇ ಮೂಟೆ ತುಂಬಿದ ಒಂದು ತೆರೆದ ಲಾರಿ ನಿಂತಿರುತ್ತೆ, ಆಮೇಲೆ ಸದ್ದಿಲ್ಲದೆ ಹೊರಟುಹೋಗುತ್ತೆ. ಜಾನ್ ನಿಂತ ಜಾಗಕ್ಕೂ ಫುಟ್‌ಪಾತಿಗೂ ನಡುವೆ ಒಂದು ತಗ್ಗು ಕಟ್ಟಡ ಇದೆ, ಅವನಿಗೆ ನೆಲ ಕಾಣಲ್ಲ. ಅದಕ್ಕೇ ಶರ್ಲಾಕ್ ಫೋನಿನಲ್ಲಿ ಅಷ್ಟು ಗಟ್ಟಿಯಾಗಿ ಹೇಳೋದು, ಅಲ್ಲೇ ನಿಂತಿರು, ಕದಲಬೇಡ ಅಂತ. ಲಾರಿಗೆ ಬಿದ್ದ, ಫುಟ್‌ಪಾತಿಗೆ ಉರುಳಿದ, ಮುಖಕ್ಕೆ ರಕ್ತ ಬಳಿದುಕೊಂಡ. ಜಾನ್ ಓಡಿ ಬರ್ತಾ ಇದ್ದಾಗ ಸೈಕಲ್ಲಿನವನು ಗುದ್ದಿ ಬೀಳಿಸಿದ್ದು ಸಮಯ ಸಿಗಲಿ ಅಂತ.

‘ಹಂಗಾರ ನಾಡಿ?’ ಅಂದ ನಮ್ಮ ಹುಬ್ಬಳ್ಳಿ ಹುಡುಗ. ‘ಜಾನ್ ಡಾಕ್ಟರ್ ಅದಾನಲೇ, ಮಿಲಿಟ್ರಿ ಡಾಕ್ಟರ್. ಕೈ ಹಿಡದ್ರ ಗೊತ್ತಾಗಂಗಿಲ್ಲೇನ?’

ಅದಕ್ಕೆ ಉತ್ತರ ಸಿಕ್ಕಿದ್ದು ಮಾರನೇ ದಿನ ಆಫೀಸಿನ ಕ್ಯಾಂಟೀನಿನಲ್ಲಿ. ಲ್ಯಾಬ್‌ನಲ್ಲಿ ಕೂತು ಶರ್ಲಾಕ್ ಒಂದು ರಬ್ಬರ್ ಚೆಂಡನ್ನ ಪುಟಿಸ್ತಾ ಇರ್ತಾನೆ. ಅದನ್ನ ಕಂಕುಳಲ್ಲಿ ಒತ್ತಿ ಹಿಡಿದರೆ ಆ ಕೈಯಲ್ಲಿ ನಾಡಿ ಸಿಗಲ್ಲ. ಈ ಚೆಂಡನ್ನ ಕಂಡುಹಿಡಿದವನು ನಾನಲ್ಲ, ಅದೇ ವಾರ ಅದನ್ನ ಸಾವಿರಾರು ಜನ ಕಂಡುಹಿಡಿದಿದ್ದರು. ಆದರೆ ಕ್ಯಾಂಟೀನಿನಲ್ಲಿ ಮೊದಲು ಹೇಳಿದ್ದು ನಾನು.

ಹುಬ್ಬಳ್ಳಿಯವನದು ಹೆಣದ ಥಿಯರಿ. ಕಂತಿನ ನಡುವೆ ಅಪಹರಣವಾಗಿ ಸಿಕ್ಕ ಹುಡುಗಿ ಶರ್ಲಾಕನನ್ನ ನೋಡಿ ಕಿರುಚುತ್ತಾಳಲ್ಲ, ಯಾಕೆ? ಅವಳನ್ನ ಹೊತ್ತೊಯ್ದವನು ಥೇಟ್ ಶರ್ಲಾಕನ ಹಾಗೇ ಇದ್ದ. ಆ ಮನುಷ್ಯನ ಹೆಣ ಶವಾಗಾರದ ಮೋಲಿಯ ಹತ್ತಿರ ಇದೆ. ಶರ್ಲಾಕ್ ಹಿಂದಿನ ರಾತ್ರಿ ಸಹಾಯ ಕೇಳಿಕೊಂಡು ಹೋಗಿದ್ದೂ ಅವಳ ಹತ್ತಿರವೇ. ಮೂರನೆಯವನದು ಹೊಗೆಯ ಥಿಯರಿ: ಹಿಂದಿನ ವಾರದ ಬಾಸ್ಕರ್‌ವಿಲ್ ಕಂತಿನಲ್ಲಿ ಇಲ್ಲದ್ದನ್ನ ಕಾಣಿಸೋ ಮದ್ದು ಬರುತ್ತಲ್ಲ, ಸೈಕಲ್ಲಿನವನು ಜಾನ್ ಮುಖಕ್ಕೆ ಅದನ್ನೇ ಹಾಕಿದ್ದಾನೆ. ನಾಲ್ಕನೆಯವನು ಸಿಎಗೆ ಓದ್ತಾ ಇದ್ದ, ನಮಗೆಲ್ಲ ತಲೆ ಕೆಟ್ಟಿದೆ ಅನ್ನೋದು ಅವನ ಥಿಯರಿ.

ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸ ಇದೆ. ಸರ್ವರ್ ಬಿದ್ದರೆ ಲಾಗ್ ತೆಗೆದು, ಪ್ರತಿ ಸಾಲಿಗೂ ಒಪ್ಪುವಂತೆ ಕಾರಣ ಹೇಳಬೇಕು. ಒಂದು ಸಾಲು ಒಪ್ಪದಿದ್ದರೂ ನಿನ್ನ ಕಾರಣ ತಪ್ಪು, ಹೋಗಿ ಮತ್ತೆ ನೋಡು. ನಾವು ಆ ಕಂತನ್ನ ಹಾಗೇ ಓದಿದ್ವಿ. ಇನ್ಯಾವ ಕಾದಂಬರಿಯನ್ನೂ ನಾನು ಅಷ್ಟು ಗಮನ ಕೊಟ್ಟು ಓದಿಲ್ಲ. ಅಭಿಮಾನಿಗಳ ಥಿಯರಿ ಅಂದ್ರೆ ಕೆಲಸವಿಲ್ಲದವರ ಹರಟೆ ಅನ್ನೋ ವಿಮರ್ಶಕರನ್ನ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ. ನಮ್ಮೂರ ಗ್ರಂಥಾಲಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿದ್ದವು, ಎಷ್ಟೋ ಪ್ರತಿಗಳಲ್ಲಿ ಕೊನೆಯ ಹಾಳೆಗಳೇ ಇರ್ತಿರಲಿಲ್ಲ. ಬೀಡಿ ಹಚ್ಚೋಕೆ ಹರಿದರೋ, ಹಗೆ ಸಾಧಿಸೋಕೆ ಹರಿದರೋ ಗೊತ್ತಿಲ್ಲ. ಅಪ್ಪ ಮತ್ತವರ ಸ್ನೇಹಿತರು ಅಶ್ವತ್ಥಕಟ್ಟೆ ಮೇಲೆ ಕೂತು ಆ ಹಾಳೆಗಳನ್ನ ಬಾಯಲ್ಲೇ ಬರೀತಿದ್ದರು. ಎರಡನೇ ಅಧ್ಯಾಯದಲ್ಲಿ ಕೈಗವಸು ಬಂದಿದ್ದು ಯಾಕೆ ಹೇಳು ನೋಡೋಣ ಅಂತ ಒಬ್ಬರಿಗೊಬ್ಬರು ಪಾಟೀಸವಾಲು. ಅದು ಓದು ಅಲ್ಲದಿದ್ದರೆ ಇನ್ಯಾವುದು ಓದು?

ಇಷ್ಟಕ್ಕೂ ಈ ಆಟಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ಇತಿಹಾಸ ಇದೆ. 1893ರ ಡಿಸೆಂಬರಿನಲ್ಲಿ ಕಾನನ್ ಡಾಯ್ಲ್ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಹೋಮ್ಸ್‌ನನ್ನ ಸಾಯಿಸಿದ. ಸ್ವಿಟ್ಜರ್ಲೆಂಡಿನ ರೈಶೆನ್‌ಬಾಖ್ ಜಲಪಾತದ ಅಂಚಿನಲ್ಲಿ ಹೋಮ್ಸ್ ಮತ್ತು ಮೊರಿಯಾರ್ಟಿ. ಹೋಟೆಲಿನಲ್ಲಿ ಯಾರೋ ಹೆಂಗಸಿಗೆ ಕಾಯಿಲೆ ಅಂತ ಸುಳ್ಳು ಕಾಗದ ಬಂದು ವಾಟ್ಸನ್ ಅತ್ತ ಹೋಗಿರುತ್ತಾನೆ. ಧಾರಾವಾಹಿಯಲ್ಲಿ ಮಿಸೆಸ್ ಹಡ್ಸನ್‌ಗೆ ಗುಂಡು ಬಿದ್ದಿದೆ ಅಂತ ಜಾನ್‌ಗೆ ಸುಳ್ಳು ಫೋನ್ ಬರೋದು ಇದರದ್ದೇ ಹೊಸ ರೂಪ. ವಾಟ್ಸನ್ ವಾಪಸ್ ಬಂದರೆ ಅಂಚಿನ ಕಡೆ ಹೋದ ಎರಡು ಸಾಲು ಹೆಜ್ಜೆ, ತಿರುಗಿ ಬಂದದ್ದು ಒಂದೂ ಇಲ್ಲ. ಬಂಡೆಗೆ ಒರಗಿಸಿದ ಊರುಗೋಲು, ಸಿಗರೇಟಿನ ಡಬ್ಬಿ, ಅದರ ಕೆಳಗೊಂದು ಚೀಟಿ. ಹತ್ತು ವರ್ಷ ಆದಮೇಲೆ, 1903ರಲ್ಲಿ, ‘ಎಂಪ್ಟಿ ಹೌಸ್’ ಕತೆಯಲ್ಲಿ ಹೋಮ್ಸ್ ವಾಪಸ್ ಬಂದು ಒಂದು ಜಪಾನಿ ಕುಸ್ತಿಯ ಹೆಸರು ಹೇಳಿ, ಮೊರಿಯಾರ್ಟಿ ಒಬ್ಬನೇ ಬಿದ್ದ, ನಾನು ಬಂಡೆ ಹತ್ತಿ ತಪ್ಪಿಸಿಕೊಂಡೆ ಅಂದುಬಿಡುತ್ತಾನೆ. ಒಂದೆರಡು ಪುಟದಲ್ಲಿ ಕೆಲಸ ಮುಗೀತು. ಡಾಯ್ಲ್‌ಗೆ ಅನುಕೂಲ ಇತ್ತು, ಅವನು ಹೆಣ ತೋರಿಸಿರಲಿಲ್ಲ. ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ ಬೇಕು ಅಂತಲೇ ಹೆಣ ತೋರಿಸಿದರು, ನಾಡಿಯನ್ನೂ ಮುಟ್ಟಿಸಿದರು. ಸಾಲದ್ದಕ್ಕೆ ಮೊಫಾಟ್, ಎಲ್ಲರ ಕಣ್ಣು ತಪ್ಪಿದ ಒಂದು ಸುಳಿವು ಇದೆ, ಶರ್ಲಾಕ್ ತನ್ನ ಸ್ವಭಾವಕ್ಕೆ ಒಪ್ಪದ ಏನೋ ಒಂದನ್ನ ಮಾಡಿದ್ದಾನೆ ಅಂತ ಬೆಂಕಿಗೆ ತುಪ್ಪ ಸುರಿದ. ನಾವು ಆ ಕಂತನ್ನ ಇನ್ನೂ ನಾಲ್ಕು ಸಲ ನೋಡಿದ್ವಿ.

ಎರಡು ವರ್ಷ ಕಾಯಿಸಿದರು. 2014ರ ಜನವರಿ 1ಕ್ಕೆ ಮೂರನೇ ಸರಣಿಯ ಮೊದಲ ಕಂತು, ‘ದಿ ಎಂಪ್ಟಿ ಹರ್ಸ್’. ಅಷ್ಟು ಹೊತ್ತಿಗೆ ನಮ್ಮ ರೂಮು ಒಡೆದಿತ್ತು, ಸಿಎ ಹುಡುಗನಿಗೆ ಮದುವೆಯಾಗಿತ್ತು, ಹುಬ್ಬಳ್ಳಿಯವನು ಪುಣೆಗೆ ಹೋಗಿದ್ದ. ಫೋನಿನಲ್ಲಿ ಮಾತಾಡಿಕೊಂಡೇ ಒಟ್ಟಿಗೆ ನೋಡಿದ್ವಿ.

ಶುರುವಲ್ಲೇ ಉತ್ತರ ಬರುತ್ತೆ. ಶರ್ಲಾಕ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರಿ, ಪುಟಿದು, ಕಿಟಕಿ ಒಡೆದುಕೊಂಡು ಒಳಗೆ ಹೋಗಿ, ಮೋಲಿಗೆ ಮುತ್ತು ಕೊಟ್ಟು ನಡೆಯುತ್ತಾನೆ. ಕೆಳಗೆ ಮೊರಿಯಾರ್ಟಿಯ ಹೆಣಕ್ಕೆ ಶರ್ಲಾಕನ ಮುಖವಾಡ. ಎರಡು ವರ್ಷ ಕಾದಿದ್ದು ಈ ತೆಲುಗು ಸಿನಿಮಾಕ್ಕಾ ಅನ್ನುವಷ್ಟರಲ್ಲಿ ಗೊತ್ತಾಗುತ್ತೆ, ಇದು ಪೊಲೀಸ್ ಇಲಾಖೆಯ ಆಂಡರ್ಸನ್‌ನ ಥಿಯರಿ, ಕೇಳಿಸಿಕೊಳ್ತಾ ಇರೋ ಲೆಸ್ಟ್ರೇಡ್ ಅವನಿಗೆ ಬೈತಿದ್ದಾನೆ. ಮುಂದೆ ಆಂಡರ್ಸನ್ ಕಟ್ಟಿದ ಅಭಿಮಾನಿ ಸಂಘದಲ್ಲಿ ಒಬ್ಬಳು ಇನ್ನೊಂದು ಕತೆ ಹೇಳುತ್ತಾಳೆ, ಅದರಲ್ಲಿ ಶರ್ಲಾಕ್ ಮತ್ತು ಮೊರಿಯಾರ್ಟಿ ಪ್ರೇಮಿಗಳು. ಕೊನೆಯ ಹೊತ್ತಿಗೆ ಶರ್ಲಾಕನೇ ಬಂದು ಆಂಡರ್ಸನ್‌ಗೆ ವಿವರಿಸುತ್ತಾನೆ: ಹದಿಮೂರು ಸಾಧ್ಯತೆಗಳ ಲೆಕ್ಕ ಹಾಕಿದ್ದು, ರಸ್ತೆಯಲ್ಲಿ ಗಾಳಿ ತುಂಬಿದ ದೊಡ್ಡ ಹಾಸಿಗೆ, ಶರ್ಲಾಕನ ಹಾಗೇ ಇರೋ ಹೆಣ, ಸೈಕಲ್ಲಿನವನು, ಕಂಕುಳಲ್ಲಿ ಚೆಂಡು. ಹುಬ್ಬಳ್ಳಿಯವನು ಪುಣೆಯಿಂದಲೇ ಕೂಗಿದ, ‘ಹೆಣಾ ಬಂತಲೇ!’ ನಾನೂ ಕೂಗಿದೆ, ಚೆಂಡು ಬಂತಲ್ಲ.

ಆಂಡರ್ಸನ್ ಮುಖ ಮಾತ್ರ ಸಪ್ಪೆ. ಇಷ್ಟೇನಾ ಅನ್ನುತ್ತಾನೆ. ಆಮೇಲೆ ಅವನಿಗೆ ಅನುಮಾನ: ಇದನ್ನ ನನಗೇ ಯಾಕೆ ಬಂದು ಹೇಳಿದ? ನೋಡಿದರೆ ಶರ್ಲಾಕ್ ಅಲ್ಲಿಲ್ಲ. ಗೋಡೆ ತುಂಬಾ ಅಂಟಿಸಿದ ಚಿತ್ರ, ಚೀಟಿಗಳನ್ನೆಲ್ಲ ಕಿತ್ತು ಹಾಕಿ ಹುಚ್ಚನ ಹಾಗೆ ನಗುತ್ತಾನೆ. ಅಲ್ಲಿಗೆ ಮುಗೀತು. ಅದು ನಿಜವೋ ಸುಳ್ಳೋ, ಇವತ್ತಿಗೂ ಖಚಿತ ಉತ್ತರ ಇಲ್ಲ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಪರೀಕ್ಷೆ ಬರೆಸಿ ಉತ್ತರಪತ್ರಿಕೆ ನೋಡಿ ನಕ್ಕ ಮೇಷ್ಟ್ರ ಹಾಗೆ ಕಂಡರು ಗೇಟಿಸ್ ಮತ್ತು ಮೊಫಾಟ್. ಅದಕ್ಕಿಂತ ಬೇಜಾರು ಆಂಡರ್ಸನ್‌ನ ಬಗ್ಗೆ. ಅವನು ನಮ್ಮ ಪ್ರತಿನಿಧಿ, ಗಡ್ಡ ಬಿಟ್ಟ ಕೋಡಂಗಿ. ಆದರೆ ನೆನಪು ಮಾಡಿಕೊಳ್ಳಿ, ಶರ್ಲಾಕ್ ಮೋಸಗಾರ ಇರಬಹುದು ಅಂತ ಇಲಾಖೆಯಲ್ಲಿ ಅನುಮಾನ ಹುಟ್ಟಿಸಿದವರಲ್ಲಿ ಇವನೂ ಒಬ್ಬ. ಆ ಪಾಪಪ್ರಜ್ಞೆಗೆ ಕೆಲಸ ಹೋಗಿ, ಟಿಬೆಟ್ಟಿನಲ್ಲಿ ಕಂಡ, ನವದೆಹಲಿಯಲ್ಲಿ ಕಂಡ ಅಂತ ನಕ್ಷೆ ಹಿಡಿದು ಕೂತಿದ್ದಾನೆ. ಶರ್ಲಾಕ್ ಸತ್ತಿದ್ದರೆ ಕೊಂದದ್ದು ತಾನು, ಬದುಕಿದ್ದರೆ ತಾನೂ ಬದುಕಿದೆ ಅನ್ನೋ ಮನುಷ್ಯ ಅವನು. ಅಂಥವನಿಗೆ ಥಿಯರಿ ಆಟದ ಸಾಮಾನಲ್ಲ. ಅದನ್ನ ನಗೆಪಾಟಲು ಮಾಡಿದ್ದು ಬರೆದವರ ಸಣ್ಣತನ ಅಂತ ಆವತ್ತು ಅನ್ನಿಸಿತ್ತು, ಇವತ್ತೂ ಅನ್ನಿಸುತ್ತೆ.

ಆದರೆ ಕೋಪದಲ್ಲಿ ನಾನು ಆ ಕಂತಿನ ನಡುವಿನ ಭಾಗವನ್ನ ಸರಿಯಾಗಿ ನೋಡೇ ಇರಲಿಲ್ಲ. ಜಾನ್ ಒಂದು ದುಬಾರಿ ಹೋಟೆಲಿನಲ್ಲಿ ಮೇರಿಗೆ ಮದುವೆಯ ಮಾತು ಕೇಳೋಕೆ ಉಂಗುರ ಇಟ್ಟುಕೊಂಡು ಕೂತಿದ್ದಾನೆ. ಶರ್ಲಾಕ್ ವೇಟರ್ ವೇಷದಲ್ಲಿ, ಪೆನ್ಸಿಲಲ್ಲಿ ಬರೆದ ಮೀಸೆ ಇಟ್ಟುಕೊಂಡು ತಮಾಷೆ ಮಾಡ್ತಾ ಬರುತ್ತಾನೆ. ಜಾನ್ ಅವನ ಮೇಲೆ ಬೀಳುತ್ತಾನೆ. ಅಲ್ಲಿಂದ ಆಚೆ ಹಾಕುತ್ತಾರೆ, ಒಂದು ಸಾಧಾರಣ ಹೋಟೆಲಿಗೆ ಹೋಗುತ್ತಾರೆ, ಅಲ್ಲೂ ಹೊಡೆತ. ಕೊನೆಗೆ ಕಬಾಬ್ ಅಂಗಡಿ, ಶರ್ಲಾಕನ ಮೂಗಲ್ಲಿ ರಕ್ತ. ಇದರ ನಡುವೆ ಶರ್ಲಾಕ್ ಉತ್ಸಾಹದಿಂದ ಹದಿಮೂರು ಸಾಧ್ಯತೆಗಳನ್ನ ವಿವರಿಸೋಕೆ ಹೊರಟರೆ ಜಾನ್ ಬಾಯಿ ಮುಚ್ಚಿಸುತ್ತಾನೆ. ಹೇಗೆ ಮಾಡಿದೆ ಅನ್ನೋದು ನನಗೆ ಬೇಡ, ಯಾಕೆ ಮಾಡಿದೆ ಹೇಳು ಅನ್ನುತ್ತಾನೆ. ಯಾರಿಗೆ ಗೊತ್ತಿತ್ತು ಅಂದರೆ, ಅಣ್ಣ ಮೈಕ್ರಾಫ್ಟ್‌ಗೆ ಗೊತ್ತಿತ್ತು, ಮೋಲಿಗೆ ಗೊತ್ತಿತ್ತು, ಬೀದಿಯಲ್ಲಿ ಮಲಗೋ ಇಪ್ಪತ್ತೈದು ಜನರಿಗೂ ಗೊತ್ತಿತ್ತು. ನಿನಗೆ ಹೇಳಿದ್ದರೆ ನೀನು ಬಾಯಿ ತಪ್ಪಿ ಆಡಿಬಿಡ್ತೀಯ ಅಂತ ಹೇಳಲಿಲ್ಲ. ಒಂದೇ ಒಂದು ಮಾತು ತಿಳಿಸಿದ್ದರೆ ಸಾಕಿತ್ತು ಅನ್ನೋದು ಜಾನ್‌ನ ಅಳಲು.

ಇದನ್ನ ನಾನು ಮತ್ತೆ ನೋಡಿದ್ದು ಎಷ್ಟೋ ವರ್ಷ ಆದಮೇಲೆ. ನೋಡಿದಾಗ ಲಂಡನ್ ಮರೆತು ನಮ್ಮೂರ ಕೆರೆ ಏರಿ ನೆನಪಾಯ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಒಬ್ಬರು ಕಾಣೆಯಾದರು. ನಾನು ಮಾವ ಅಂತ ಕರೀತಿದ್ದೆ. ಏರಿ ಮೇಲೆ ಅವರ ಚಪ್ಪಲಿ, ಟವಲ್ಲು ಸಿಕ್ಕವು. ಮೂರು ದಿನ ಈಜು ಬಲ್ಲವರು ಮುಳುಗಿ ಹುಡುಕಿದರು, ಪಾತಾಳಗರಡಿ ಹಾಕಿ ಜಾಲಾಡಿದರು, ಹೆಣ ಸಿಗಲಿಲ್ಲ. ಕಟ್ಟೆ ಮೇಲೆ ಥಿಯರಿ ಶುರುವಾಯ್ತು. ‘ಚಪ್ಲಿ ಜೋಡಿಯಾಗಿ ಇಟ್ಟವ್ನೆ, ಟವಲ್ ಮಡ್ಸವ್ನೆ. ಸಾಯೋನು ಹಂಗ್ ಮಡ್ಸ್‌ತಾನೇನ್ಲಾ?’ ಅಂತ ಒಬ್ಬರು. ಸಾಲ ಅಂದರು, ಧರ್ಮಸ್ಥಳದಲ್ಲಿ ಕಂಡರು, ಬೊಂಬಾಯಲ್ಲಿ ಹೋಟೆಲ್ ಇಟ್ಟಿದ್ದಾರೆ ಅಂದರು. ಪತ್ತೇದಾರಿ ಕಾದಂಬರಿಯ ಹರಿದ ಹಾಳೆ ಬರೀತಿದ್ದ ಅದೇ ಜನ, ಅದೇ ಖುಷಿಯಲ್ಲಿ ಇದನ್ನೂ ಬರೆದರು. ಹುಡುಗರು ನಾವು ಬಾಯಿ ಬಿಟ್ಟುಕೊಂಡು ಕೇಳ್ತಿದ್ವಿ. ಅತ್ತೆ ಅದೇ ಬೀದಿಯಲ್ಲಿ ಬಿಂದಿಗೆ ಹಿಡಿದು ಓಡಾಡುತ್ತಿದ್ದರು. ಕುಂಕುಮ ಇಡಬೇಕೋ ಬೇಡವೋ ಅಂತ ಊರಿನ ಹೆಂಗಸರಲ್ಲೇ ಎರಡು ಪಕ್ಷ.

ಏಳು ವರ್ಷಕ್ಕೆ ಮಾವ ಬಂದರು. ಜೀವಂತ, ಮೈ ಕೈ ತುಂಬಿಕೊಂಡು. ಆವತ್ತು ಸಂಜೆ ಕಟ್ಟೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ತಿಪಟೂರಿನಿಂದ ಕೊಬ್ಬರಿ ಲಾರಿ ಹತ್ತಿದ್ದು, ಕ್ಲೀನರ್ ಕೆಲಸ, ಎಲ್ಲೆಲ್ಲಿ ಮಲಗಿದ್ದು, ಏನೇನು ತಿಂದಿದ್ದು, ಎಲ್ಲಾ ಹೇಳಿದರು. ಚೆನ್ನಾಗೇ ಹೇಳಿದರು. ಚಪ್ಪಲಿ ಥಿಯರಿಯವರು ಮೀಸೆ ತಿರುವಿದರು. ಅತ್ತೆ ಅಡುಗೆ ಮಾಡಿ ಬಡಿಸಿದರಂತೆ, ಒಂದು ಮಾತೂ ಆಡಲಿಲ್ಲವಂತೆ. ಎಷ್ಟೋ ದಿನ ಆದಮೇಲೆ ಒಂದೇ ಒಂದು ಕೇಳಿದ್ದು ಅಂತ ಅಮ್ಮ ಹೇಳ್ತಿದ್ದಳು: ‘ಒಂದ್ ಕಾಗ್ದ ಹಾಕಕ್ಕಾಗ್ಲಿಲ್ವಾ?’

ಅದಕ್ಕೆ ಮಾವ ಏನಂದರು ಅನ್ನೋದು ಅಮ್ಮನಿಗೂ ಗೊತ್ತಿರಲಿಲ್ಲ.

ಹಾಗಾಗಿ ‘ಎಂಪ್ಟಿ ಹರ್ಸ್’ ಬಗ್ಗೆ ನನ್ನ ತೀರ್ಪು ಈಗ ತಿರುಗಿದೆ, ಆದರೆ ಪೂರ್ತಿ ಅಲ್ಲ. ಜಾನ್ ಹೊಡೆದದ್ದು ಸರಿ, ಅದನ್ನ ಬರೆದದ್ದು ಧೈರ್ಯ. ಡಾಯ್ಲ್‌ನ ವಾಟ್ಸನ್ ಹೊಡೆಯಲ್ಲ. 1903ರ ಕತೆಯಲ್ಲಿ ಮುದಿ ಪುಸ್ತಕ ವ್ಯಾಪಾರಿಯ ವೇಷ ತೆಗೆದು ಹೋಮ್ಸ್ ನಿಂತರೆ ವಾಟ್ಸನ್ ಜೀವಮಾನದಲ್ಲೇ ಮೊದಲ ಸಲ ಮೂರ್ಛೆ ಹೋಗುತ್ತಾನೆ, ಎದ್ದು ಕೈ ಹಿಡಿದು ಸಂತೋಷಪಡುತ್ತಾನೆ. ನಿನ್ನ ಪ್ರೀತಿಯೇ ನನ್ನ ಗುಟ್ಟು ಬಿಟ್ಟುಕೊಡುತ್ತಿತ್ತು ಅಂತ ಹೋಮ್ಸ್ ಅನ್ನುತ್ತಾನೆ, ಇವನು ಒಪ್ಪಿಕೊಳ್ಳುತ್ತಾನೆ. ಆ ನಡುವಿನ ವರ್ಷಗಳಲ್ಲಿ ವಾಟ್ಸನ್‌ಗೆ ಹೆಂಡತಿ ಸತ್ತಿರುತ್ತಾಳೆ. ಅದಕ್ಕೂ ಒಂದು ಸಾಲು ಸಾಂತ್ವನ, ಮತ್ತೆ ಕೆಲಸ ಶುರು. ನೂರು ವರ್ಷ ಯಾರೂ ಕೇಳದ ಪ್ರಶ್ನೆಯನ್ನ ಗೇಟಿಸ್ ಜಾನ್‌ನಿಂದ ಕೇಳಿಸಿದ. ಹೇಗೆ ಹೇಗೆ ಅಂತ ಎರಡು ವರ್ಷ ಕೂಗಿದ ನಮಗೆ ಅದು ಸರಿಯಾದ ಪೆಟ್ಟು.

ಆದರೆ ಕೇಳಿಸಿದ ಮೇಲೆ ಉತ್ತರ ಕೊಡಬೇಕಲ್ಲ? ಕೊನೆಯಲ್ಲಿ ಇಬ್ಬರೂ ಪಾರ್ಲಿಮೆಂಟಿನ ಕೆಳಗೆ ಸುರಂಗ ರೈಲಿನ ಬೋಗಿಯಲ್ಲಿ ಬಾಂಬಿನ ಮುಂದೆ ನಿಂತಿದ್ದಾರೆ. ಆರಿಸೋಕೆ ನನಗೆ ಬರಲ್ಲ ಅನ್ನುತ್ತಾನೆ ಶರ್ಲಾಕ್, ಕ್ಷಮಿಸು ಅನ್ನುತ್ತಾನೆ. ಇನ್ನು ಸಾಯ್ತೀನಿ ಅನ್ನೋ ಹೊತ್ತಲ್ಲಿ ಜಾನ್ ಒಳಗಿನದನ್ನೆಲ್ಲ ಹೇಳಿ ಕ್ಷಮಿಸುತ್ತಾನೆ. ಸರಿಯಾಗಿ ಆ ಜಾಗದಲ್ಲಿ, ಬಾಂಬಿನ ಗಡಿಯಾರ ಓಡ್ತಾ ಇರುವಾಗ, ಕಂತು ಜಾನ್‌ನನ್ನ ಅಲ್ಲೇ ಬಿಟ್ಟು ಎಲ್ಲಿಗೆ ಹೋಗುತ್ತೆ ಗೊತ್ತಾ? ಆಂಡರ್ಸನ್‌ನ ಕೋಣೆಗೆ. ಆ ಗಾಳಿ ಹಾಸಿಗೆ, ಚೆಂಡು, ಹೆಣದ ವಿವರಣೆಗೆ. ಅದು ಮುಗಿಸಿ ವಾಪಸ್ ಬೋಗಿಗೆ ಬಂದರೆ ಶರ್ಲಾಕ್ ಹೊಟ್ಟೆ ಹಿಡಿದುಕೊಂಡು ನಗ್ತಿದ್ದಾನೆ. ಬಾಂಬಿಗೆ ಆರಿಸೋ ಗುಂಡಿ ಇತ್ತು, ಅವನು ಮೊದಲೇ ಆರಿಸಿದ್ದ. ಕ್ಷಮೆಯನ್ನ ಮೋಸದಿಂದ ಕಿತ್ತುಕೊಂಡ. ಜಾನ್ ಬೈತಾನೆ, ನಗ್ತಾನೆ, ಮತ್ತೆ ಇಬ್ಬರೂ ಸ್ನೇಹಿತರು.

ಹೇಗೆ ಅನ್ನೋರನ್ನ ಗೇಲಿ ಮಾಡಿದವರು, ಯಾಕೆ ಅನ್ನೋದಕ್ಕೆ ಬಾಯಿ ಬಿಡಬೇಕಾದ ನಿಮಿಷದಲ್ಲಿ ತಾವೇ ‘ಹೇಗೆ’ಯ ಹಿಂದೆ ಅಡಗಿಕೊಂಡರು. ನಮಗೆ ಚೆಂಡಿನ ವಿಷಯ ನಿಜ ಹೇಳದಿದ್ದರೆ ಹೋಗಲಿ, ಅದು ಆಟ. ಜಾನ್‌ಗೆ ಮಾಡಿದ ಮೋಸ ನನಗೆ ಇನ್ನೂ ಜೀರ್ಣವಾಗಿಲ್ಲ. ಕಂಬರ್‌ಬ್ಯಾಚ್‌ನ ಮಾತಿನ ಓಟಕ್ಕೆ, ಮಾರ್ಟಿನ್ ಫ್ರೀಮನ್‌ನ ಮುಖಕ್ಕೆ ಆ ದೃಶ್ಯ ಸಾಗಿಬಿಡುತ್ತೆ, ಅಷ್ಟೇ. ಫ್ರೀಮನ್ ಒಬ್ಬ ಬೇರೆ ಯಾರಾದರೂ ಆಗಿದ್ದರೆ ಸಾಗುತ್ತಿರಲಿಲ್ಲ.

ಹೋದ ತಿಂಗಳು ಹೆಂಡತಿಗೆ ಮೊದಲ ಸಲ ‘ರೈಶೆನ್‌ಬಾಖ್ ಫಾಲ್’ ತೋರಿಸಿದೆ. ಅವಳು ಹಿಂದಿನ ಕಂತುಗಳನ್ನ ಅಡುಗೆ ಮಾಡ್ತಾ ಅರ್ಧಂಬರ್ಧ ನೋಡಿದ್ದಳು, ಇದನ್ನ ಮಾತ್ರ ಕೂತು ನೋಡಿದಳು. ಲಾರಿ ಬಂದಾಗ ನಾನು ಅವಳ ಮುಖ ನೋಡಿದೆ, ಗಮನಿಸಲಿಲ್ಲ. ಚೆಂಡನ್ನೂ ಗಮನಿಸಲಿಲ್ಲ. ಸಮಾಧಿಯ ದೃಶ್ಯ ಬಂತು, ಜಾನ್ ಬೆನ್ನು ತಿರುಗಿಸಿ ನಡೆದ, ಕ್ಯಾಮೆರಾ ಸರಿಯಿತು, ಶರ್ಲಾಕ್ ಕಂಡ. ಈಗ ಕೇಳ್ತಾಳೆ, ಹೇಗೆ ಬದುಕಿದ ಅಂತ ಈಗ ಕೇಳೇ ಕೇಳ್ತಾಳೆ ಅಂತ ಕಾದೆ.

‘ಅಲ್ಲೇ ನಿಂತಿದಾನಲ್ರೀ,’ ಅಂದಳು. ‘ಹೋಗಿ ಮಾತಾಡ್ಸ್‌ಬಾರ್ದಾ ಅವನ್ನ?’

ಅಷ್ಟರಲ್ಲಿ ನಾನು ಆಗಲೇ ವಿಡಿಯೋ ಹಿಂದಕ್ಕೆ ಓಡಿಸಿ, ಲಾರಿ ಎಲ್ಲಿ ನಿಂತಿತ್ತು ತೋರಿಸೋಕೆ ಶುರು ಮಾಡಿದ್ದೆ.